ಅಂಗೈಯ ಗಾನಯಂತ್ರ

ನಾದವು ಕಿವಿಗೆ ಸೇರಿದ ವಿಷಯ. ನಾದವನ್ನು ಹೊತ್ತು ತಿರುಗುವ ಯಂತ್ರವಾದರೋ ಕೈಗೆ ಸೇರಿದ ವಸ್ತು. ಕಿವಿ ಮತ್ತು ಕೈಗಳ ಈ ಮೈತ್ರಿಯು ಹೇಗೆ ಬೆಳೆಯಿತು, ಹೇಗೆ ಸಡಿಲವಾಯಿತು ಎಂಬುದನ್ನು ಅರಿಯಲು ಕಿರು ಗಾನಯಂತ್ರಗಳ ಆಕಾರವನ್ನು ಅವಲೋಕಿಸಿದರೆ ಸಾಕು.

೧೯೭೯ರಲ್ಲಿ ಜಪಾನಿನ ಸೋನಿ ಸಂಸ್ಥೆಯು ಹೊರತಂದ ವಾಕ್‌ಮನ್ ಯಂತ್ರದ ಆಕಾರವನ್ನು ನಿರ್ಧರಿಸಿದ್ದು ಕ್ಯಾಸೆಟ್ಟು. ಸುರುಳಿ ತಿರುಗಲು ಎಡೆ ಬೇಕಾಗಿದ್ದುದರಿಂದ ಯಂತ್ರವು ಅದರ ಅಳತೆಗೆ ಬದ್ಧವಾಗಿತ್ತು. ಮುಂದೆ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಮುಖ್ಯ ಪಾತ್ರ ವಹಿಸಿ ರೂಪಿಸಿದ ಎಂ.ಪಿ.೩ ಕ್ರಮವು, ಕಿವಿಯು ಸಾಮಾನ್ಯವಾಗಿ ಗ್ರಹಿಸದ ಧ್ವನ್ಯಂಶಗಳನ್ನು ಕೈಬಿಟ್ಟು, ಗೀತವನ್ನು ಸಿ.ಡಿ.ಯಲ್ಲಿನ ಗಾತ್ರದ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಸಿತು. ೧೯೯೮ರಲ್ಲಿ ಕೊರಿಯದ ಎಂಪಿಮ್ಯಾನ್, ಅಮೆರಿಕದ ರಿಯೊ ಎಂಬ ಯಂತ್ರಗಳು ಬಂದವು. ಅವುಗಳಲ್ಲಿ ತಿರುಗುವ ಸುರುಳಿಯಿರಲಿಲ್ಲ. ೩೨ ಮೆಗಾಬೈಟ್ ಸ್ಮೃತಿಕೋಶದಲ್ಲಿ ಸುಮಾರು ಅರ್ಧ ಗಂಟೆಯ ಗಾನ ಹಿಡಿಸುತ್ತಿತ್ತು. ಅಷ್ಟಕ್ಕೆ ಕೆಲವೇ ಗುಂಡಿಗಳು ಸಾಲುತ್ತಿದ್ದವು.

೨೦೦೧ರಲ್ಲಿ ಆಪಲ್ ಸಂಸ್ಥೆಯ ಐಪಾಡ್ ಸಾವಿರ ಹಾಡುಗಳನ್ನು ಹೊತ್ತು ಬಂದಿತು. ಸಾವಿರದಲ್ಲಿ ಒಂದನ್ನು ಆರಿಸಲು ಸಾವಿರ ಸಲ ಗುಂಡಿ ಒತ್ತುವುದುಂಟೇ? ಆ ತೊಡಕಿಗೆ ದೊರೆತ ಪರಿಹಾರವೇ ಚಕ್ರ. ಹೆಬ್ಬೆರಳಿನಿಂದ ಮೆಲ್ಲನೆ ತಿರುಗಿಸಿದರೆ ಹಾಡುಗಳ ಪಟ್ಟಿ ಮೆಲ್ಲನೆ ಸರಿಯುವುದು, ವೇಗವಾಗಿ ತಿರುಗಿಸಿದರೆ ವೇಗವಾಗಿ ಓಡುವುದು. ಮೊದಲು ನಿಜವಾಗಿ ತಿರುಗುತ್ತಿದ್ದ ಆ ಚಕ್ರವು ೨೦೦೨ರಲ್ಲಿ ಸ್ಪರ್ಶವನ್ನು ಅರಿಯುವ ನಿಶ್ಚಲ ವೃತ್ತವಾಯಿತು. ೨೦೦೪ರಲ್ಲಿ ಗುಂಡಿಗಳೂ ಅದರಲ್ಲೇ ಅಡಗಿದವು. ೨೦೦೫ರ ಷಫಲ್‌ನಲ್ಲಿ ಪರದೆಯೂ ಮಾಯವಾಯಿತು. ಜೇಬಿನೊಳಗಿಟ್ಟು, ನೋಡದೆಯೇ ನಡೆಸಬಹುದಾದ ಯಂತ್ರವದು. ಬೆರಳೇ ಅಲ್ಲಿ ಕಣ್ಣಾಗಿತ್ತು.

ಆದರೆ ಸರಳತೆಗೂ ಒಂದು ಮೇರೆಯುಂಟು. ೨೦೦೯ರ ಷಫಲ್‌ನಲ್ಲಿ ಮೈಮೇಲಿನ ಗುಂಡಿಗಳನ್ನು ತೆಗೆದು ಕಿವಿಗೆ ಸಿಕ್ಕಿಸುವ ತಂತಿಯ ಮೇಲೆ ಇರಿಸಲಾಯಿತು. ಬೇರೆ ಸಾಮಾನ್ಯ ತಂತಿಯನ್ನು ಜೋಡಿಸಿದವನಿಗೆ ಹಾಡನ್ನು ಬದಲಿಸುವ ದಾರಿಯೇ ಇಲ್ಲವಾಯಿತು. ಮರುವರ್ಷವೇ ಗುಂಡಿಗಳು ಸ್ವಸ್ಥಾನಕ್ಕೆ ಮರಳಿದವು. ತೆಗೆಯುವುದೆಲ್ಲವೂ ಸುಧಾರಣೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಷ್ಟರಲ್ಲಿ ಇನ್ನೊಂದು ಪ್ರವಾಹ ಹರಿಯತೊಡಗಿತ್ತು. ೨೦೦೭ರ ಐಪಾಡ್ ಟಚ್‌ನಲ್ಲಿ ಮುಖವೆಲ್ಲವೂ ಗಾಜಿನ ಪರದೆ. ಗಾಜಿಗೆ ಉಬ್ಬಿಲ್ಲ, ತಗ್ಗಿಲ್ಲ. ಬೆರಳು ದಾರಿಯನ್ನು ತಡವಿ ತಿಳಿಯಲಾರದು. ಹಾಡು ಕೇಳಬೇಕಾದರೆ ಮೊದಲು ನೋಡಬೇಕಾಯಿತು. ೨೦೨೨ರಲ್ಲಿ ಆ ಟಚ್ ಕೂಡ ನಿಂತು, ಐಪಾಡ್ ಎಂಬ ಹೆಸರೇ ಮುಗಿಯಿತು. ಗಾನಯಂತ್ರವು ಫೋನಿನೊಳಗೆ ಲೀನವಾಯಿತು. ಅಲ್ಲಿ ಹಾಡುಗಳಿಗೆ ಲೆಕ್ಕವಿಲ್ಲ. ಒಂದು ಹಾಡು ಮುಗಿಯುವ ಮುನ್ನ ಕರೆಯುವ ಸುದ್ದಿ ಸಂದೇಶಗಳಿಗೂ ಲೆಕ್ಕವಿಲ್ಲ.

ಇದರ ನಷ್ಟ ಯಾರಿಗೆ? ದೃಷ್ಟಿ ಮಂದವಾದ ವೃದ್ಧರಿಗೆ, ಬೆರಳನ್ನೇ ನಂಬಿದ ಅಂಧರಿಗೆ. ಪರದೆಯನ್ನು ಓದಿ ಹೇಳುವ ಧ್ವನಿ ಈಗಿನ ಫೋನುಗಳಲ್ಲಿ ಉಂಟು, ನಿಜ. ಅದನ್ನು ಕಲಿಯಲು ಅಭ್ಯಾಸ ಬೇಕು. ೨೦೧೭ರಲ್ಲಿ ಭಾರತದ ಸರೆಗಮ ಸಂಸ್ಥೆಯು ಐದು ಸಾವಿರ ಹಾಡುಗಳನ್ನು ತುಂಬಿ, ಹಳೆಯ ರೇಡಿಯೋದ ಆಕಾರದಲ್ಲಿ, ತಿರುಗಿಸುವ ಗುಬುಟನ್ನಿಟ್ಟು ಕಾರವಾನ್ ಎಂಬ ಯಂತ್ರವನ್ನು ಹೊರತಂದಿತು. ಮುಂದೆ ಕನ್ನಡ ಗೀತೆಗಳ ಕಾರವಾನ್ ಸಹ ಬಂದಿತು. ಹಿರಿಯರು ಅದನ್ನು ಆದರಿಸಿದ್ದಕ್ಕೆ ಹಳತಿನ ಮೋಹವೊಂದೇ ಕಾರಣವಲ್ಲ. ಅವರ ಕೈಗೆ ಪರಿಚಿತವಾದ ದಾರಿ ಅಲ್ಲಿ ಮತ್ತೆ ದೊರೆಯಿತು.

ಯಂತ್ರದ ಚೆಲುವನ್ನು ಅದರ ನುಣುಪಿನಿಂದ ಅಳೆಯುವುದು ಸುಲಭ. ಕಣ್ಣು ಮುಚ್ಚಿ ಕುಳಿತವನಿಗೂ ಒದಗುವುದೇ ಎಂದು ಕೇಳಿ ಅಳೆಯುವುದು ಕಷ್ಟ; ಗಾನಯಂತ್ರಕ್ಕೆ ತಕ್ಕ ಅಳತೆ ಅದೇ.