ಅಪ್ಪನ 407 ಮತ್ತು ನಾಲ್ಕು ಗ್ರೀಸ್ ನಿಪ್ಪಲ್ಲುಗಳು

ಈ ಯುಗಾದಿಗೆ ಊರಿಗೆ ಹೋದವನು ಒಬ್ಬಟ್ಟಿನ ಮುಂದೆ ಕೂತಿದ್ದಕ್ಕಿಂತ ಹೆಚ್ಚು ಹೊತ್ತು ಅಪ್ಪನ ಲಾರಿ ಕೆಳಗೆ ಮಲಗಿದ್ದೆ. ಅದರ ಕಥೆ ಇದು. ಸ್ವಲ್ಪ ಗ್ರೀಸ್ ಮೆತ್ತಿಕೊಂಡಿದೆ, ಸಹಿಸಿಕೊಳ್ಳಿ :-)

ಅಪ್ಪನ ಹತ್ತಿರ ಒಂದು ಟಾಟಾ 407 ಇದೆ. ಈ ಮಾದರಿ ರಸ್ತೆಗೆ ಬಂದದ್ದು 1986ರಲ್ಲಿ. ನಮ್ಮದು 2006ರ ಗಾಡಿ, ನಾನಾಗ ನಾಲ್ಕನೇ ಕ್ಲಾಸು. ಪವರ್ ಸ್ಟೀರಿಂಗ್ ಇಲ್ಲ. ತಿಪಟೂರು ಮಂಡಿಗೆ ಕೊಬ್ಬರಿ, ಆಗೀಗ ಮಂಗಳೂರಿನ ಕಡೆಗೆ ತೆಂಗಿನಕಾಯಿ. ನನ್ನ ಕಾಲೇಜು ಫೀಸು, ಅಕ್ಕನ ಮದುವೆ, ಮನೆಯ ಆರ್‌ಸಿಸಿ ಎಲ್ಲವೂ ಆ ಗಾಡಿಯ ಮೇಲೇ ಬಂದದ್ದು.

ಹಬ್ಬದ ಹಿಂದಿನ ದಿನ "ಬಾರೋ, ಮನೇಲಿ ಕೂತು ಏನ್ ಮಾಡ್ತೀಯ" ಅಂತ ಅಪ್ಪ ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. ಹಳೇ ಸಿನಿಮಾಗಳಲ್ಲಿ ರಸ್ತೆ ನೆಟ್ಟಗಿದ್ದರೂ ಹೀರೋ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಲೇ ಇರುತ್ತಾನಲ್ಲ, ಹಾಗೇ ಅಪ್ಪನೂ ತಿರುಗಿಸುತ್ತಿದ್ದ. ಮೊದಲು ನಗು ಬಂತು. ಆಮೇಲೆ ನೋಡಿದರೆ ಅವನು ಹಾಗೆ ಮಾಡದಿದ್ದರೆ ಗಾಡಿ ನೆಟ್ಟಗೆ ಹೋಗುತ್ತಲೇ ಇರಲಿಲ್ಲ. ಎಡಕ್ಕೆ ಎಳೆಯುವುದು, ಹಿಡಿದು ತರುವುದು, ಬಲಕ್ಕೆ ಹೋಗುವುದು, ಮತ್ತೆ ತರುವುದು...

"ಏನಪ್ಪಾ ಇದು?"

"ಒಸಿ ಪ್ಲೇ ಐತೆ ಅಷ್ಟೆಯ. ಹೋದ ತಿಂಗ್ಳು ಬಾಕ್ಸ್ ಟೈಟ್ ಮಾಡ್ಸಿದ್ದೆ, ಮತ್ತೆ ಹಂಗೇ ಆಯ್ತು. ಗಾಡಿಗೂ ವಯಸ್ಸಾಯ್ತಲ್ಲ."

"ಮಂಗಳೂರು ಟ್ರಿಪ್ ಯಾವಾಗ?"

"ಹಬ್ಬ ಆಗಿ ನಾಕನೇ ದಿನ."

ಅಂದರೆ ಹಾಸನ, ಸಕಲೇಶಪುರ, ಅಲ್ಲಿಂದ ಶಿರಾಡಿ ಘಾಟಿ. ಕಾಯಿ ತುಂಬಿದ ಗಾಡಿ, ಇಳಿಜಾರು, ಎದುರಿಗೆ ಟ್ಯಾಂಕರುಗಳು. ನನ್ನ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.

ನಾನು ಓದಿದ್ದು ಮೆಕ್ಯಾನಿಕಲ್, ಅನ್ನ ಕೊಡುತ್ತಿರುವುದು ಜಾವಾ. ಇಂಥವರು ನಿಮ್ಮಲ್ಲೂ ಬಹಳ ಜನ ಇದ್ದೀರಿ, ಗೊತ್ತು. ಕೈನಮ್ಯಾಟಿಕ್ಸ್ ಪೇಪರಿಗೆ ಆಕರ್‌ಮನ್ ಸ್ಟೀರಿಂಗ್ ಉರು ಹೊಡೆದಿದ್ದೆ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು, ಇಲ್ಲದಿದ್ದರೆ ಟೈರು ಉಜ್ಜಿಕೊಂಡು ಹೋಗುತ್ತದೆ ಅನ್ನುವುದೇ ಅದರ ಸಾರ. ತಮಾಷೆ ಅಂದರೆ ಇದನ್ನು ಮಾಡಿದ್ದು ಆಕರ್‌ಮನ್ ಅಲ್ಲ. 1817ರಲ್ಲಿ ಮ್ಯೂನಿಕ್ಕಿನ ಲಾಂಕೆನ್‌ಸ್ಪರ್ಗರ್ ಎಂಬ ಗಾಡಿ ಕಟ್ಟುವವನು ಕುದುರೆ ಗಾಡಿಗಾಗಿ ಮಾಡಿದ್ದು. ಅವನ ಪರವಾಗಿ 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಮಾಡಿಸಿದ ಆಕರ್‌ಮನ್‌ನ ಹೆಸರು ಉಳಿದುಕೊಂಡಿತು. ಫಾರ್ಮುಲಾ ಈಗಲೂ ಬಾಯಿಗೆ ಬರುತ್ತದೆ. ಆದರೆ ಅದೇ ವಸ್ತು ಚಿಕ್ಕಂದಿನಿಂದ ನನ್ನ ಮೂಗಿನ ಮೇಲೇ ನೇತಾಡುತ್ತಿತ್ತು ಅಂತ ಪರೀಕ್ಷೆ ಬರೆಯುವಾಗ ಹೊಳೆದೇ ಇರಲಿಲ್ಲ!

ಮೂಗಿನ ಮೇಲೆ ಅಂದದ್ದು ಉತ್ಪ್ರೇಕ್ಷೆ ಅಲ್ಲ. ಹೈಸ್ಕೂಲು ಮುಗಿಯುವ ತನಕ ಭಾನುವಾರ ಗಾಡಿಗೆ ಗ್ರೀಸ್ ಹೊಡೆಯುವುದು ನನ್ನ ಕೆಲಸ. "ನೀನು ಸಣ್ಣಗಿದೀಯ, ಒಳಗೆ ಹೋಗು" ಅಂತ ಅಪ್ಪ ಗೋಣಿಚೀಲ ಹಾಸಿಕೊಡುತ್ತಿದ್ದ. ಮೊದಲು ಬಟ್ಟೆಯಲ್ಲಿ ನಿಪ್ಪಲ್ಲಿನ ಮಣ್ಣು ಒರೆಸಬೇಕು, ಇಲ್ಲದಿದ್ದರೆ ಮಣ್ಣೂ ಗ್ರೀಸಿನ ಜೊತೆ ಒಳಗೆ ಹೋಗುತ್ತದೆ. ಆಮೇಲೆ ಗನ್ನು ಕಚ್ಚಿಸಿ, ಹಳೇ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದರ ಬಣ್ಣ ಕಾಣುವ ತನಕ ನಿಧಾನಕ್ಕೆ ಒತ್ತಬೇಕು. ಜೋರಾಗಿ ಒತ್ತಿದರೆ ರಬ್ಬರ್ ಒಡೆಯುತ್ತದೆ. ಕೂಲಿ ಐದು ರೂಪಾಯಿ. ಸ್ಟೀರಿಂಗಿಗೆ ನಾಲ್ಕು ನಿಪ್ಪಲ್ಲು, ಅದು ಬಿಟ್ಟು ಕಿಂಗ್ ಪಿನ್ನು, ಪಟ್ಟಾ... ಎಣಿಸಿ ಎಣಿಸಿ ಹೊಡೆಯುತ್ತಿದ್ದೆ.

ಮನೆಗೆ ಬಂದವನು ಹಳೇ ಪ್ಯಾಂಟು ಹಾಕಿಕೊಂಡೆ. ಇಂಜಿನ್ ಆಫ್, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಗಳಿಗೆ ಕಲ್ಲು. "ಸ್ಟೀರಿಂಗ್ ಸುಮ್ನೆ ಇಷ್ಟೇ ಇಷ್ಟು ಆ ಕಡೆ ಈ ಕಡೆ ಆಡಿಸ್ತಾ ಇರು" ಅಂತ ಅಪ್ಪನನ್ನು ಮೇಲೆ ಕೂರಿಸಿ ಕೆಳಗೆ ತೂರಿದೆ. ಈಗ ನಾನು ಸಣ್ಣಗಿಲ್ಲ, ತೂರುವುದೇ ಒಂದು ಸಾಹಸ!

ದಾರಿ ಹೀಗಿದೆ. ಸ್ಟೀರಿಂಗಿನ ಕಂಬ ಬಂದು ಸ್ಟೀರಿಂಗ್ ಬಾಕ್ಸಿಗೆ ಸೇರುತ್ತದೆ. ಬಾಕ್ಸಿನಿಂದ ಕೆಳಗೆ ನೇತಾಡುವುದು ಡ್ರಾಪ್ ಆರ್ಮ್, ಅದು ಗಡಿಯಾರದ ಲೋಲಕದ ಥರ ಹಿಂದೆ ಮುಂದೆ ಆಡುತ್ತದೆ. ಅದು ಡ್ರ್ಯಾಗ್ ಲಿಂಕ್ ಎಂಬ ರಾಡನ್ನು ತಳ್ಳುತ್ತದೆ. ರಾಡು ಬಲಗಡೆಯ ಸ್ಟಬ್ ಆಕ್ಸಲ್ಲನ್ನು ತಿರುಗಿಸುತ್ತದೆ. ಬಲ ಚಕ್ರದಿಂದ ಎಡ ಚಕ್ರಕ್ಕೆ ಸುದ್ದಿ ಮುಟ್ಟಿಸುವುದು ಟೈ ರಾಡ್. ಎರಡು ರಾಡು, ನಾಲ್ಕು ತುದಿ. ಪ್ರತಿ ತುದಿಯಲ್ಲೂ ಒಂದು ಬಾಲ್ ಜಾಯಿಂಟ್, ಅಂದರೆ ಬಟ್ಟಲಲ್ಲಿ ಕೂತ ಗುಂಡು. ಮೆಕ್ಯಾನಿಕ್ಕುಗಳು ಅದನ್ನು 'ಎಂಡು' ಅಂತಾರೆ. ಗುಂಡಿಗೂ ಬಟ್ಟಲಿಗೂ ನಡುವೆ ಗ್ರೀಸ್, ಹೊರಗೆ ರಬ್ಬರ್ ಟೋಪಿ. ಟೋಪಿ ಹರಿದರೆ ಮಣ್ಣು ನೀರು ಒಳಗೆ, ಗ್ರೀಸ್ ಹೊರಗೆ, ಗುಂಡು ಸವೆಯುತ್ತದೆ. ಪೂರ್ತಿ ಸವೆದರೆ ಗುಂಡು ಬಟ್ಟಲಿನಿಂದ ಕಳಚಿಕೊಳ್ಳುತ್ತದೆ. ಆಮೇಲೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಚಕ್ರಕ್ಕೆ ಕೇಳಿಸುವುದಿಲ್ಲ.

ಒಂದೊಂದೇ ಎಂಡಿನ ಮೇಲೆ ಕೈ ಇಟ್ಟೆ. ಡ್ರಾಪ್ ಆರ್ಮಿನ ತುದಿ ಪರವಾಗಿಲ್ಲ, ಎರಡೂ ಒಟ್ಟಿಗೆ ಆಡುತ್ತಿದ್ದವು. ಡ್ರ್ಯಾಗ್ ಲಿಂಕಿನ ಇನ್ನೊಂದು ತುದಿಯಲ್ಲಿ ರಾಡು ಮೊದಲು ಸರಿಯುತ್ತಿತ್ತು, 'ಟಕ್' ಅಂದ ಮೇಲೇ ಆರ್ಮ್ ಅಲುಗುತ್ತಿತ್ತು. ಟೈ ರಾಡಿನ ಬಲ ತುದಿ ಸುಮಾರು. ಎಡ ತುದಿಯಲ್ಲಿ ರಬ್ಬರ್ ಟೋಪಿಯೇ ಇರಲಿಲ್ಲ. ಬೆರಳಿಟ್ಟರೆ ಒಣ ಕೆಂಪು ಪುಡಿ. ಗ್ರೀಸ್ ಅಲ್ಲ, ತುಕ್ಕು.

"ಅಪ್ಪಾ, ಗ್ರೀಸ್ ಯಾವಾಗ ಹೊಡೆದಿದ್ದು?"

ಮೇಲಿನಿಂದ ಸ್ವಲ್ಪ ಹೊತ್ತು ಮಾತಿಲ್ಲ. "ವಾಟರ್ ಸರ್ವೀಸ್ ಮಾಡ್ಸಿದಾಗ ಅವ್ರೇ ಹೊಡೀತಾರಪ್ಪ. ನಂಗೆ ಈ ಮಂಡಿ ಇಟ್ಕಂಡು ಕೆಳಗೆ ಹೋಗಕ್ಕೆ ಎಲ್ಲಾಯ್ತದೆ?"

ಎಡಗಡೆಯ ನಿಪ್ಪಲ್ಲು ಮಣ್ಣು ಗಟ್ಟಿಯಾಗಿ ಮುಚ್ಚಿಹೋಗಿತ್ತು. ಸರ್ವೀಸಿನವರು ಹೊಡೆದ ಗ್ರೀಸೆಲ್ಲ ನಿಪ್ಪಲ್ಲಿನ ಸುತ್ತ ಮೆತ್ತಿಕೊಂಡಿತ್ತು, ಒಳಗೆ ಒಂದು ಹನಿ ಹೋಗಿಲ್ಲ. ಮೇಲಿನಿಂದ ನೋಡಿದರೆ ಚೆನ್ನಾಗಿ ಗ್ರೀಸ್ ಹೊಡೆದ ಹಾಗೇ ಕಾಣುತ್ತದೆ.

ನಾನು ಅಲ್ಲೇ ಮಲಗಿದ್ದೆ. ನಾನು ಇಂಜಿನಿಯರಿಂಗಿಗೆ ಹೋದ ಮೇಲೆ ಆ ಭಾನುವಾರದ ಕೆಲಸ ಯಾರಿಗೂ ಹೋಗಲಿಲ್ಲ. ಅಪ್ಪ ಕೇಳಲಿಲ್ಲ, ನಾನೂ ಕೇಳಲಿಲ್ಲ. ಫೋನಿನಲ್ಲಿ ಮಾತ್ರ ಪ್ರತಿ ವಾರ "ಗಾಡಿ ಮಾರಿಬಿಡು, ಸಾಕು ದುಡಿದಿದ್ದು" ಅಂತ ಬುದ್ಧಿ ಹೇಳುತ್ತಿದ್ದೆ.

ಮೇಸ್ತ್ರಿಯನ್ನು ಮನೆಗೇ ಕರೆಸಿದೆವು. ಅವರು ಮುಂದಿನ ಆಕ್ಸಲ್ಲನ್ನು ಜಾಕಿನಲ್ಲಿ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟರು (ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬೇಡಿ). ಚಕ್ರದ ಎಡ ಬಲ ಹಿಡಿದು ಅಲ್ಲಾಡಿಸಿದರು, ಎಂಡುಗಳ ಆಟ ಕಂಡಿತು. ಆಮೇಲೆ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರು. ಅಲ್ಲಿ ಆಡಿದರೆ ಬೇರಿಂಗ್ ಇಲ್ಲವೇ ಕಿಂಗ್ ಪಿನ್. ಯಾವುದು ಅಂತ ತಿಳಿಯಲು ಒಬ್ಬರು ಬ್ರೇಕ್ ತುಳಿಯಬೇಕು. ತುಳಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್. ದೇವರ ದಯೆ, ನಮ್ಮದರಲ್ಲಿ ಎರಡೂ ಗಟ್ಟಿ ಇದ್ದವು.

"ಬಾಕ್ಸ್ ಯಾರು ಟೈಟ್ ಮಾಡಿದ್ದು? ತಿರುಗಿಸಿದ್ರೆ ವಾಪಸ್ಸೇ ಬರ್ತಿಲ್ವಲ್ಲ" ಅಂತ ಬೈದು ಮೇಸ್ತ್ರಿ ಅದನ್ನು ಸರಿ ಮಾಡಿದರು. ಕೆಳಗಿನ ಎಂಡು ಒಂದೆರಡು ಮಿಲಿಮೀಟರ್ ಸವೆದರೂ ಮೇಲೆ ಸ್ಟೀರಿಂಗಿನಲ್ಲಿ ಅದು ಎಷ್ಟೋ ಪಟ್ಟು ದೊಡ್ಡದಾಗಿ ಕಾಣುತ್ತದೆ. ಆಟ ಕಾಣುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಎರರ್ ಬಂದ ಸಾಲನ್ನೇ ತಿದ್ದಿ ಬಗ್ ಹೋಯಿತು ಅಂದುಕೊಂಡ ಅನುಭವ ನಮಗೇನು ಹೊಸದೇ? :-)

ನಾಲ್ಕೂ ಎಂಡು ಹೊಸದು ಹಾಕಿಸಿದೆವು. ಮೇಸ್ತ್ರಿ ನಟ್ಟು ಸಡಿಲಿಸಿ, ಆರ್ಮಿನ ಕಣ್ಣಿನ ಎರಡೂ ಪಕ್ಕ ಸುತ್ತಿಗೆ ಇಟ್ಟು ಒಂದು ಪೆಟ್ಟು ಕೊಟ್ಟರು, ಎಂಡು ಕಳಚಿ ಬಂತು. ಟೈ ರಾಡಿನ ಒಂದು ತುದಿಗೆ ಬಲ ಥ್ರೆಡ್ಡು, ಇನ್ನೊಂದಕ್ಕೆ ಎಡ ಥ್ರೆಡ್ಡು. ಹಾಗಾಗಿ ರಾಡನ್ನು ತಿರುಗಿಸಿದರೆ ಉದ್ದ ಹೆಚ್ಚು ಕಮ್ಮಿ ಆಗುತ್ತದೆ, ಅದರಲ್ಲೇ ಟೋ-ಇನ್ ಸರಿ ಮಾಡುವುದು. ಹೊಸ ಎಂಡು ಹಾಕಿದ ಮೇಲೆ ಅಲೈನ್‌ಮೆಂಟ್ ನೋಡಲೇಬೇಕು, ಇಲ್ಲದಿದ್ದರೆ ಟೈರಿನ ಗುಬುಟುಗಳ ಅಂಚು ಗರಗಸದ ಹಲ್ಲಿನಂತೆ ಸವೆಯುತ್ತದೆ. ಕೊನೆಗೆ ಖಾಚು ಇರುವ ನಟ್ಟು ಬಿಗಿದು ಅದರಲ್ಲಿ ಪಿನ್ನು ತೂರಿಸಬೇಕು. ತೂತು ಸರಿಯಾಗಿ ಕೂರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಮುಂದಿನ ಖಾಚಿಗೆ ತರಬೇಕು, ಸಡಿಲಿಸಿ ಹಿಂದಿನದಕ್ಕೆ ಹೋಗಬಾರದು. ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ಹಾಕಲೂಬಾರದು. ರಾಡು ಬಗ್ಗಿದ್ದರೆ ಕಾಯಿಸಿ ನೆಟ್ಟಗೆ ಮಾಡಿಸುವ ಚಾಳಿ ನಮ್ಮ ಕಡೆ ಇದೆ, ಅದಂತೂ ಬೇಡವೇ ಬೇಡ.

ರಾತ್ರಿ ನೆಟ್ಟಿನಲ್ಲಿ ಹುಡುಕಿದಾಗ ಇದಕ್ಕೆ ಕಾನೂನೇ ಇದೆ ಅಂತ ಗೊತ್ತಾಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು. ಸ್ಟೀರಿಂಗಿನ ಆಟ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು. 30 ಡಿಗ್ರಿ ಅಂದರೆ ಗಡಿಯಾರದಲ್ಲಿ ಹನ್ನೆರಡರಿಂದ ಒಂದರವರೆಗೆ. ಅಪ್ಪನದು ಎರಡರ ಹತ್ತಿರ ಇತ್ತು.

ಮಂಗಳೂರು ಟ್ರಿಪ್ಪಿನ ದಿನ ನಾನು ಬೆಂಗಳೂರಿಗೆ ಬಂದಾಗಿತ್ತು. ಮೀಟಿಂಗಿನಲ್ಲಿದ್ದಾಗ ಫೋನ್ ಬಂತು, ಎದ್ದು ಹೊರಗೆ ಹೋದೆ. ಅಪ್ಪ ಶಿರಾಡಿ ಇಳಿದು ಉಪ್ಪಿನಂಗಡಿಯಲ್ಲಿ ಟೀ ಕುಡಿಯುತ್ತಿದ್ದ.

"ಏನ್ ಚೆನ್ನಾಗಿ ಹೋಗ್ತೈತೆ ಗೊತ್ತೇನ್ಲಾ! ಕೈ ಬಿಟ್ರೂ ನೆಟ್ಟಗೆ ಹೋಗ್ತದೆ."

"ಕೈ ಬಿಡಬೇಡ ಮಾರಾಯ" ಅಂದೆ.

ಗಾಡಿ ಮಾರು ಅಂತ ಈಗ ಹೇಳುತ್ತಿಲ್ಲ. ತಿಂಗಳಿಗೊಂದು ಭಾನುವಾರ ಊರಿಗೆ ಹೋಗುತ್ತಿದ್ದೇನೆ, ಗೋಣಿಚೀಲ ಅಪ್ಪನೇ ಹಾಸಿರುತ್ತಾನೆ. ಹೋದ ಸಲ ಕೆಲಸ ಮುಗಿಸಿ ಎದ್ದಾಗ ಜೇಬಿಗೆ ಕೈ ಹಾಕಿ ಐದು ರೂಪಾಯಿ ನಾಣ್ಯ ಕೊಟ್ಟ. ತಗೊಂಡೆ.

ನಿಮ್ಮ ಮನೆಯಲ್ಲೂ ಇಂಥ ಹಳೇ ಗಾಡಿ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಒಂದು ಸಲ ಕೆಳಗೆ ತೂರಿ ನೋಡಿ. ಹಳೇ ಪ್ಯಾಂಟು ಮರೆಯಬೇಡಿ.