ಕನಕಪುರದ ಯೂನಿಟ್

ನವೆಂಬರ್ 11, 2020, ಬುಧವಾರ
ಮಧ್ಯಾಹ್ನ ಲೈನ್‌ಗೇ ಬಂದು ಹಾಳೆ ಹಂಚಿದರು. ಡಿಸೆಂಬರ್ 1ರಿಂದ ನಮ್ಮ ಬ್ಯಾಚ್ ರಾಮನಗರ ಬಿಟ್ಟು ಕನಕಪುರಕ್ಕೆ. ಕಂಪನಿ ಬಸ್ ಇಲ್ಲ. ‘ಸ್ವಇಚ್ಛೆಯಿಂದ ಒಪ್ಪಿದ್ದೇನೆ’ ಅಂತ ಮೊದಲೇ ಅಚ್ಚಾಗಿದೆ, ಸೈನ್ ಒಂದೇ ಬಾಕಿ. ನಾಳೆ ಕೊಡ್ತೀನಿ ಅಂದೆ.
ಬಿಡದಿಯ ಟೊಯೋಟಾದಲ್ಲಿ ನಿನ್ನೆಯಿಂದ ಲಾಕೌಟ್ ಅಂತೆ. ಅಂಥ ಕಡೆಯೇ ಹಾಗಾದರೆ ನಮ್ಮದೇನು.

ನ. 12, ರಾತ್ರಿ
ಚನ್ನಪಟ್ಟಣದಿಂದ ಸಾತನೂರು ಮೇಲೆ ಹೋಗಬೇಕು. ಮಗು ಏಳೋ ಮುಂಚೆ ಹೊರಟು, ಮಲಗಿದ ಮೇಲೆ ಮನೆ. ಇವರು, ಸೈನ್ ಹಾಕು, ಸಂಬಳವಾದರೂ ಬರುತ್ತೆ ಅಂದರು. ಚಾರ್ಜ್ ಯಾರು ಕೊಡ್ತಾರೆ?
ಬಿಟ್ಟರೆ ರಾಜೀನಾಮೆ ಲೆಕ್ಕ. ಗ್ರಾಚ್ಯುಟಿಗೆ ಐದು ವರ್ಷ ಆಗಬೇಕು, ನನಗೆ ಮಾರ್ಚ್‌ಗೆ ತುಂಬುತ್ತೆ. ಅವರಿಗೂ ಗೊತ್ತಿರಬೇಕು.

ನ. 16
ಬಲಿಪಾಡ್ಯಮಿ. ಹೋಳಿಗೆ ಮಾಡಿದೆ. ಹಾಳೆಯ ಮಾತು ಯಾರೂ ಎತ್ತಲಿಲ್ಲ.

ನ. 20
ಟೊಯೋಟಾ ಲಾಕೌಟ್ ನಿನ್ನೆ ತೆಗೆದರು. ಒಳಗೆ ಬರೋರು ಮುಚ್ಚಳಿಕೆ ಬರೆದುಕೊಡಬೇಕಂತೆ. ಅಲ್ಲೂ ಸೈನ್.
ನಮ್ಮ ಲೈನ್‌ನಲ್ಲಿ ಅರ್ಧಕ್ಕರ್ಧ ಜನ ಹಾಕಿಬಿಟ್ಟರು. ಬೇಜಾರಿಲ್ಲ. ಸುಳ್ಳು, ಇದೆ.

ನ. 22, ಭಾನುವಾರ
ಯೂನಿಯನ್‌ನವರು ಸಿಕ್ಕಿದ್ದರು. 1947ರ ಕೈಗಾರಿಕಾ ವಿವಾದ ಕಾಯ್ದೆ, 9ಎ ಕಲಮು. ಕೂಲಿ, ಭತ್ಯೆ, ಕೆಲಸದ ವೇಳೆ, ರೂಢಿಯಲ್ಲಿರೋ ಸವಲತ್ತು ಬದಲಿಸೋದಾದರೆ ನೋಟಿಸ್ ಕೊಟ್ಟು 21 ದಿನ ಕಾಯಬೇಕು. ಸೆಪ್ಟೆಂಬರ್‌ನಲ್ಲಿ ಹೊಸ ಸಂಹಿತೆ ಪಾಸಾಗಿದೆ, ಜಾರಿಗೆ ಬರೋವರೆಗೂ ಇದೇ.
ಕ್ಯಾಲೆಂಡರ್ ನೋಡಿದೆ. 11ರಿಂದ 1ಕ್ಕೆ ಇಪ್ಪತ್ತೇ. ನಗು ಬಂತು.
ಬಸ್ ತೆಗೆಯೋದಕ್ಕೆ ನೋಟಿಸ್ ಬೇಕು ಅಂತ ವಾದಿಸಬಹುದಂತೆ. ಬೇರೆ ಯೂನಿಟ್‌ಗೆ ಕಳಿಸೋದು ಮಾತ್ರ ಅನುಮಾನ, ಕೆಲಸಕ್ಕೆ ಸೇರಿದಾಗಿನ ಆರ್ಡರ್‌ನಲ್ಲಿ ಏನಿದೆಯೋ ನೋಡಬೇಕು ಅಂದರು. ಆ ಕಾಗದ ನನಗೆ ಕೊಟ್ಟೇ ಇರಲಿಲ್ಲ.

ನ. 23
ಬಿಡದಿಯಲ್ಲಿ ಮತ್ತೆ ಲಾಕೌಟ್. ಇವರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ.

ನ. 26
ದೇಶಕ್ಕೆಲ್ಲ ಮುಷ್ಕರ. ನಮ್ಮ ಮಿಷನ್ ನಿಲ್ಲಲಿಲ್ಲ. ಸಂಜೆ ಕಾರ್ಮಿಕ ಅಧಿಕಾರಿ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ನಕಲಿಗೆ ಸೀಲ್ ಹಾಕಿಸಿಕೊಂಡೆವು. ಇಷ್ಟಕ್ಕೇ ಕೈ ನಡುಗಿತು.

ನ. 30, ರಾತ್ರಿ 10
ಹೆಚ್‌ಆರ್ ಮೇಡಂ ಕರೆದಿದ್ದರು, ‘ನಿಮ್ಮೊಬ್ಬರದೇ ಬಾಕಿ.’ ಹಾಗಿಲ್ಲ ಅಂತ ಗೊತ್ತು. ಗೊತ್ತಿದ್ದೂ ಪೆನ್ನು ಕೈಗೆ ತಗೊಂಡಿದ್ದೆ.
ನಾಳೆ ಬೆಳಿಗ್ಗೆ ರಾಮನಗರದ ಗೇಟಿಗೇ ಹೋಗಿ ಕೆಲಸ ಕೇಳೋದು ಅಂತ ಉಳಿದವರು ಮಾತಾಡಿಕೊಂಡಿದ್ದೀವಿ. ಇಬ್ಬರು ಫೋನ್ ಎತ್ತುತ್ತಿಲ್ಲ. ಇವರಿಗೆ ಇನ್ನೂ ಹೇಳಿಲ್ಲ.