ಮಾವಿನ ಕಸಿ, ಮನುಷ್ಯನ ಕಸಿ

ಚಾಮರಾಜನಗರದ ಕಡೆಯ ಉಮ್ಮತ್ತೂರಿನಂಥ ಊರಿನಲ್ಲಿ ಕಸಿ ಎಂದರೆ ಮೊದಲು ನೆನಪಾಗುವುದು ಮಾವು. ವಾಟೆಯಿಂದ ಬೆಳೆದ ನಾಟಿ ಸಸಿಗೆ ಬಾದಾಮಿಯದೋ ರಸಪುರಿಯದೋ ಕಡ್ಡಿ ಕೂರಿಸಿ ಬಿಗಿಯಾಗಿ ಪಟ್ಟಿ ಸುತ್ತಿ, ನೀರು ನೆರಳು ನೋಡಿಕೊಂಡರೆ ಹಿಡಿಯುತ್ತದೆ. ವೈದ್ಯರೂ ಅದೇ ಮಾತನ್ನು ತೆಗೆದುಕೊಂಡು ‘ಮೂತ್ರಪಿಂಡದ ಕಸಿ’ ಎಂದರು. ಮಾತು ಒಂದೇ ಆದರೂ ಕೆಲಸ ಬೇರೆ. ತನ್ನವರು ಯಾರು, ಪರರು ಯಾರು ಎಂದು ಮೈಯೆಲ್ಲ ಸುತ್ತಿ ವಿಚಾರಿಸುವ ಕಾವಲು ಕಣಗಳು ಮಾವಿನ ಮರದಲ್ಲಿಲ್ಲ, ಮನುಷ್ಯನ ರಕ್ತದಲ್ಲಿವೆ.

ಇದೇ ಸೀಮೆಗೆ ಹತ್ತಿರದ ಗಾಜನೂರಿನ ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಕಣ್ಣಿನ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಆದ್ದರಿಂದ ಯಾರ ಕಾರ್ನಿಯಾ ಯಾರಿಗೆ ಹೊಂದೀತು ಎಂದು ಸಾಮಾನ್ಯವಾಗಿ ತಾಳೆ ನೋಡುವುದಿಲ್ಲ. ಮೂತ್ರಪಿಂಡದ ಮೂಲಕವಾದರೋ ಮೈಯ ರಕ್ತವೆಲ್ಲ ದಿನಕ್ಕೆ ಎಷ್ಟೋ ಸಲ ಹಾದುಹೋಗುತ್ತದೆ. ಅಲ್ಲಿ ಕಾವಲುಗಾರರ ಕಣ್ಣು ತಪ್ಪಿಸಲಾಗದು.

ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗ ಪಿಯುಸಿ ವಿದ್ಯಾರ್ಥಿ. ಎರಡೂ ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ಸಿಗೆ ಓಡಾಡುತ್ತಿದ್ದಾನೆ. “ನಂದೇ ತಕ್ಕಳ್ಳಿ ಸಾಮಿ, ನನ್ ಹೊಟ್ಟೇಲಿ ಹುಟ್ಟಿದ ಮಗ, ಒಗ್ಗದೆ ಏನು?” ಎನ್ನುತ್ತಾಳೆ ತಾಯಿ. ಆಕೆಯ ಮಾತಿನಲ್ಲಿ ಅರ್ಧ ನಿಜವಿದೆ. ಲೆಕ್ಕಕ್ಕೆ ಸರಿಯಾಗಿ ಅರ್ಧ.

ರಕ್ತದ ಗುಂಪಿನ ಮಾತು ಮೊದಲು ಮುಗಿಯಬೇಕು. ಅದಾದ ಮೇಲೆ ಬರುವುದು ಜೀವಕೋಶಗಳ ಮೈಮೇಲಿನ ‘ಎಚ್‌ಎಲ್‌ಎ’ ಗುರುತುಗಳು. ಫ್ರಾನ್ಸಿನ ಝಾನ್ ಡೋಸೆ ಇವುಗಳಲ್ಲಿ ಮೊದಲನೆಯದನ್ನು 1958ರಲ್ಲಿ ಕಂಡುಹಿಡಿದರು. 1980ರಲ್ಲಿ ಅವರಿಗೆ ನೊಬೆಲ್ ಬಂತು. ಈ ಗುರುತುಗಳ ಒಂದು ಗಂಟು ತಂದೆಯಿಂದ, ಇನ್ನೊಂದು ತಾಯಿಯಿಂದ ಬರುತ್ತದೆ. ಹೀಗಾಗಿ ತಾಯಿಗೂ ಮಗನಿಗೂ ಒಂದು ಗಂಟು ಕೂಡಿಯೇ ಕೂಡುತ್ತದೆ. ಒಡಹುಟ್ಟಿದವರಲ್ಲಿ ಎರಡೂ ಕೂಡುವ ಸಂಭವ ನಾಲ್ಕರಲ್ಲಿ ಒಂದು, ಒಂದು ಮಾತ್ರ ಕೂಡುವುದು ನಾಲ್ಕರಲ್ಲಿ ಎರಡು, ಏನೂ ಕೂಡದಿರುವುದು ನಾಲ್ಕರಲ್ಲಿ ಒಂದು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣತಮ್ಮಂದಿರು ಈ ಲೆಕ್ಕದಲ್ಲಿ ಪರಕೀಯರಾಗಬಹುದು. ಹಳೇ ಮೈಸೂರಿನ ಕಡೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಟ್ಟ ಮನೆಗಳಲ್ಲಿ ಗಂಡಹೆಂಡಿರಲ್ಲೇ ಒಂದು ಗಂಟು ಸಮಾನವಾಗಿರುವುದುಂಟು. ಆಗ ತಾಯಿ ಮಗನಿಗೆ ಪೂರ್ತಿ ಕೂಡಿದರೂ ಕೂಡಬಹುದು. (ಇದನ್ನೋದಿ ಯಾರೂ ಸೋದರಿಕೆ ಸಂಬಂಧ ಹುಡುಕಬೇಕಾಗಿಲ್ಲ, ಮೂತ್ರಪಿಂಡದ ಕೆಲವು ವಂಶಪಾರಂಪರ್ಯ ಕಾಯಿಲೆಗಳೂ ಅಂಥ ಮನೆಗಳಲ್ಲೇ ಹೆಚ್ಚು.)

ಪೂರ್ತಿ ಕೂಡಿದ್ದಕ್ಕೆ ಹೆಸರಾದದ್ದು ಬೋಸ್ಟನ್ನಿನ ಅವಳಿಗಳ ಕಥೆ. 1954ರ ಡಿಸೆಂಬರ್ 23ರಂದು ಜೋಸೆಫ್ ಮರೆ ಅವರು ರೊನಾಲ್ಡ್ ಹೆರಿಕ್‌ನ ಮೂತ್ರಪಿಂಡವನ್ನು ಅವನ ತದ್ರೂಪಿ ಅವಳಿ ರಿಚರ್ಡ್‌ಗೆ ಜೋಡಿಸಿದರು. ರಿಚರ್ಡ್ ಮುಂದೆ ಎಂಟು ವರ್ಷ ಬದುಕಿದ. ಕಾವಲುಗಾರರಿಗೆ ಅಲ್ಲಿ ಪರರೇ ಕಾಣಲಿಲ್ಲ.

ಗುರುತು ಎಷ್ಟೇ ಕೂಡಿದರೂ ಇನ್ನೊಂದು ಪರೀಕ್ಷೆ ಉಳಿದಿರುತ್ತದೆ. ರೋಗಿಯ ಸೀರಮ್ಮಿಗೆ ದಾನಿಯ ಬಿಳಿರಕ್ತಕಣಗಳನ್ನು ಬೆರೆಸಿ ನೋಡುವ ‘ಕ್ರಾಸ್‌ಮ್ಯಾಚ್’ ಅದು. ಕಣಗಳು ಸತ್ತರೆ, ದಾನಿಯ ಗುರುತಿನ ವಿರುದ್ಧ ಪ್ರತಿಕಾಯಗಳು ಮೊದಲೇ ಸಿದ್ಧವಾಗಿ ಕುಳಿತಿವೆ ಎಂದರ್ಥ. ಹಾಗೆಯೇ ಜೋಡಿಸಿದರೆ ಮೂತ್ರಪಿಂಡ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಕೆಡಬಹುದು. ಇದರ ಮಹತ್ವವನ್ನು ಪಟೇಲ್ ಮತ್ತು ಟೆರಸಾಕಿ 1969ರಲ್ಲಿ ತೋರಿಸಿಕೊಟ್ಟರು. ಹಿಂದೆ ರಕ್ತ ಪಡೆದಿದ್ದರೆ, ಒಮ್ಮೆ ಕಸಿಯಾಗಿದ್ದರೆ, ಬಸಿರಾಗಿದ್ದರೆ ಇಂಥ ಪ್ರತಿಕಾಯಗಳು ಹುಟ್ಟಬಹುದು. ಗಂಡನ ಗುರುತು ಹೊತ್ತ ಮಕ್ಕಳನ್ನು ಹೆತ್ತ ಹೆಂಡತಿಯ ಮೈ, ಅದೇ ಗಂಡನ ಮೂತ್ರಪಿಂಡಕ್ಕೆ ಮುನಿಯುವುದು ಹೀಗೆ. ನಮ್ಮ ದೇಶದಲ್ಲಿ ಬದುಕಿದ್ದು ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು. ಅದಕ್ಕೆಲ್ಲ ಪ್ರತಿಕಾಯಗಳೇ ಕಾರಣ ಎಂದು ಮಾತ್ರ ಯಾರೂ ಹೇಳಬಾರದು.

ಅವಳಿಗಳಲ್ಲದವರು ಮಾತ್ರೆ ನುಂಗಲೇಬೇಕು. ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಕಸಿ ಯಶಸ್ವಿಯಾದ ಕಾಲಕ್ಕೆ ಔಷಧಿಗಳು ಕೆಲವೇ. ನಾರ್ವೆಯ ಮಣ್ಣಿನ ಬೂಷ್ಟಿನಿಂದ ಸೈಕ್ಲೋಸ್ಪೋರಿನ್, ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಿಂದ ಟ್ಯಾಕ್ರೋಲಿಮಸ್ ಬಂದ ಮೇಲೆ ಅರ್ಧ ಕೂಡಿದ ತಾಯಿಯ ಮೂತ್ರಪಿಂಡವೂ ವರ್ಷಗಟ್ಟಲೆ ನಡೆಯುವಂತಾಯಿತು. ಇವು ಕಾವಲುಗಾರರನ್ನು ಮಂಕಾಗಿಸುತ್ತವೆ, ಅಷ್ಟೆ, ಮನಸ್ಸು ಒಲಿಸುವುದಿಲ್ಲ. ಮಂಕು ಹೆಚ್ಚಾದರೆ ಸೋಂಕು, ಕಡಿಮೆಯಾದರೆ ತಿರಸ್ಕಾರ. ಚಕ್ಕೋತ ಹಣ್ಣು ತಿಂದರೂ ರಕ್ತದಲ್ಲಿ ಔಷಧಿಯ ಪ್ರಮಾಣ ಏರಬಹುದು.

ಹರೆಯದವರಲ್ಲಿ ಕಸಿ ಕೈಕೊಡುವುದಕ್ಕೆ ಒಂದು ದೊಡ್ಡ ಕಾರಣ ಮಾತ್ರೆ ತಪ್ಪಿಸುವುದು. ಹುಡುಗ ಮೈಸೂರಿನ ಹಾಸ್ಟೆಲ್ ಸೇರುತ್ತಾನೆ. ಮುಖ ಊದಿಸುವ ಮಾತ್ರೆ, ಗೆಳೆಯರ ಪ್ರಶ್ನೆ, ಪರೀಕ್ಷೆಯ ಗಡಿಬಿಡಿ, ಮೈಯೋ ಗಟ್ಟಿಮುಟ್ಟಾಗಿದೆ. ಎರಡು ದಿನ ಬಿಟ್ಟರೂ ಏನೂ ಆದಂತೆ ಕಾಣುವುದಿಲ್ಲ. ತಿರಸ್ಕಾರ ಬಹುಮಟ್ಟಿಗೆ ನೋವಿಲ್ಲದೆ ಬರುತ್ತದೆ; ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದಾಗಲೇ ಸುಳಿವು. ಬೇಗ ತಿಳಿದರೆ ಸ್ಟೀರಾಯ್ಡ್ ಕೊಟ್ಟು ತಡೆಯುವುದುಂಟು. ಮಾತ್ರೆಯ ಡಬ್ಬಿಯನ್ನು ಮಗನ ಕೈಗೆ ಹಾಸ್ಟೆಲಿಗೆ ಹೊರಡುವ ದಿನವೇ ಕೊಡುವುದಕ್ಕಿಂತ, ವರ್ಷ ಮೊದಲೇ ಮನೆಯಲ್ಲಿ ಕೊಟ್ಟು ದೂರದಿಂದ ನೋಡುತ್ತಿರುವುದು ಲೇಸು.

ಕೆಟ್ಟುಹೋದ ಮೂತ್ರಪಿಂಡ ತನ್ನ ಗುರುತಿನ ವಿರುದ್ಧ ಪ್ರತಿಕಾಯಗಳನ್ನು ಬಿಟ್ಟುಹೋಗಬಹುದು. ಎರಡನೆಯ ಸಲ ಹೊಂದುವವರು ಸಿಗುವುದು ಇನ್ನೂ ಕಷ್ಟ. ತಾಯಿ ಮತ್ತೆ ಕೊಡುವಂತಿಲ್ಲ. ಆಗ ಉಳಿಯುವುದು ಡಯಾಲಿಸಿಸ್, ಮತ್ತು ರಾಜ್ಯದ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುವುದು.